ಛತ್ರದಲ್ಲೊಂದು ಬಾಣಂತನ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನಾನು ಹೇಳದಿದ್ದರೂ ಚಿಂತಾಮಣಿಯ ತರಕಾರಿ ಮಂಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲಿ ನಾನು ಬುಟ್ಟಿ ಹಿಡಿದು ಬರುವುದು ಕಂಡರೆ ಕೊಳೆತ ಟೊಮೇಟೊ ತಾನಾಗಿಯೇ ರಾಶಿಯ ಅಡಿಗೆ ಹೋಗುತ್ತಿತ್ತು. ಈ ಬಾಯಿಯ ದೆಸೆಯಿಂದಲೇ ತೊಂಬತ್ತರ ದಶಕದ ಶುರುವಿನಲ್ಲಿ ಪುರಸಭೆಯ ಕಬ್ಬಿಣದ ಮಂಚಗಳು ಬಂದು ನನ್ನ ಕೊರಳಿಗೆ ಬಿದ್ದವು.

ನಮ್ಮದೊಂದು ಪುಟ್ಟ ಮಹಿಳಾ ಸಮಾಜವಿತ್ತು. ಮಧ್ಯಾಹ್ನ ಹುಡುಗಿಯರಿಗೆ ಹೊಲಿಗೆ ಕ್ಲಾಸು, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ, ವರ್ಷಕ್ಕೊಮ್ಮೆ ಹಳೇ ಬಟ್ಟೆ ಕೂಡಿಸಿ ಇಲ್ಲದವರಿಗೆ ಹಂಚುವುದು. ನಮ್ಮ ಸಮಾಜಸೇವೆ ಅಷ್ಟಕ್ಕೇ ಮುಗಿಯುತ್ತಿತ್ತು. ಉಳಿದ ಹೊತ್ತೆಲ್ಲ ಹರಟೆ. ಹೊಲಿಗೆ ಕಲಿಸುತ್ತಿದ್ದವಳು ನಾನು, ಹರಟೆಗೂ ನಾನೇ ಮುಂದು.

ಆ ವರ್ಷ ದೀಪಾವಳಿ ಕಳೆದ ಮೇಲೆ ಸೈಕ್ಲೋನು ಹಿಡಿದುಕೊಂಡು ಮಳೆ ಸುರಿಯಿತು. ಮದನಪಲ್ಲಿ ಕಡೆಯಿಂದ ಬೀಸಿದ ಗಾಳಿಗೆ ಮಂಡಿಯ ಶೀಟುಗಳು ಹಾರಿಹೋದವು. ಹಿಂದುಗಡೆ ಸಾಲಾಗಿದ್ದ ಗುಡಿಸಲುಗಳು ಒಂದರ ಮೇಲೊಂದು ಕುಸಿದು ಕೂತವು. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಆ ಶೀಟುಗಳ ಕೆಳಗೆ ಅಷ್ಟು ಜನ ಮಲಗುತ್ತಿದ್ದರು ಎನ್ನುವುದು ಊರಿಗೆ ಗೊತ್ತಾಗಿದ್ದೇ ಆಗ. ಮೂಟೆ ಹೊರುವ ಹಮಾಲಿಗಳು, ಹುಣಸೆಹಣ್ಣಿನ ಬೀಜ ಬಿಡಿಸುವ ಹೆಂಗಸರು, ಬಸ್‌ಸ್ಟ್ಯಾಂಡಿನ ಮುದುಕರು, ಎಲ್ಲರೂ ತೊಯ್ದು ತೊಪ್ಪೆಯಾಗಿ ಅಂಗಡಿಗಳ ಜಗುಲಿ ಹತ್ತಿದರು. ಬೆಳಿಗ್ಗೆ ಬಾಗಿಲು ತೆಗೆಯಲು ಬಂದ ಅಂಗಡಿಯವರು ಸೀದಾ ಪುರಸಭೆಗೆ ಹೋಗಿ ಕೂತರು.

ಎರಡು ದಿನ ಬಿಟ್ಟು ಪುರಸಭೆಯ ಮುಖ್ಯಾಧಿಕಾರಿಗಳು ನಮ್ಮ ಸಮಾಜಕ್ಕೆ ಬಂದರು. ವಯಸ್ಸು ಚಿಕ್ಕದು, ಮದುವೆ ಇನ್ನೂ ಆಗಿರಲಿಲ್ಲ, ತುಂಬು ತೋಳಿನ ಅಂಗಿ, ಮುಖದಲ್ಲಿ ಮಾತ್ರ ಅರವತ್ತು ವರ್ಷದ ಗಾಂಭೀರ್ಯ. ಊರವರೆಲ್ಲ ಅವರನ್ನು ಚೀಫ್ ಆಫೀಸರ್ ಎನ್ನುತ್ತಿದ್ದರು.

"ಹಳೇ ಛತ್ರ ಖಾಲಿ ಬಿದ್ದಿದೆ. ಜಾಗ ನಾವು ಕೊಡ್ತೀವಿ, ಮಂಚ ಕೊಡ್ತೀವಿ, ಅಕ್ಕಿ ರಾಗಿ ಕೊಡ್ತೀವಿ. ನಡೆಸೋಕೆ ನಮ್ಮ ಹತ್ರ ಜನ ಇಲ್ಲ. ನೀವು ನಡೆಸಿ. ಒಂದು ಕರಾರು ಮಾಡ್ಕೊಳ್ಳೋಣ" ಎಂದರು.

ನಮ್ಮವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಹಮಾಲಿಗಳನ್ನು ಗದರಿಸಿ ಮಲಗಿಸುವ ಗಂಟಲು ಇನ್ಯಾರಿಗೂ ಇರಲಿಲ್ಲವಂತೆ.

ಕರಾರಿನಲ್ಲಿ ಮೂರು ಮುಖ್ಯ ಮಾತುಗಳಿದ್ದವು. ಶಿವರಾತ್ರಿಯವರೆಗೆ, ಅಂದರೆ ಚಳಿ ಮುಗಿಯುವ ತನಕ ಮಾತ್ರ ಛತ್ರ ನಡೆಯಬೇಕು. ಒಳಗೆ ಬೆಂಕಿ ಹಚ್ಚಕೂಡದು, ಅಡುಗೆಯೇನಿದ್ದರೂ ಹಿತ್ತಲಲ್ಲಿ. ಮತ್ತೆ, ಯಾರೂ ಒಟ್ಟಿಗೆ ಮೂರು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ. ಮೂರು ರಾತ್ರಿ ಇದ್ದವನು ನಾಲ್ಕನೆಯ ರಾತ್ರಿ ಹೊರಗಿದ್ದು ಆಮೇಲೆ ಬೇಕಾದರೆ ಬರಲಿ. ಈ ಮೂರರಲ್ಲಿ ಯಾವುದು ತಪ್ಪಿದರೂ ಕರಾರು ಆವತ್ತೇ ರದ್ದು.

"ಇದೇನ್ ಸಾರ್ ಮೂರು ರಾತ್ರಿ?" ಎಂದು ಕೇಳಿದೆ.

"ಛತ್ರಗಳಲ್ಲಿ ಮೊದಲಿಂದ ಇರೋ ಪದ್ಧತಿ ಅಮ್ಮಾವ್ರೆ."

"ಅದು ಪ್ರಯಾಣಿಕರಿಗೆ ಸಾರ್. ಮನೇನೇ ಇಲ್ದೋನು ಎಲ್ಲಿಗೆ ಅಂತ ಪ್ರಯಾಣ ಹೊರಡ್ತಾನೆ?"

"ಬಿಟ್ರೆ ಮೊದಲು ಬಂದೋರೇ ಮಂಚ ಹಿಡ್ಕೊಂಡು ಕೂತ್ಬಿಡ್ತಾರೆ. ಆಮೇಲೆ ಬಂದೋರು ಎಲ್ಲಿಗೆ ಹೋಗ್ಬೇಕು?"

ಅವರ ಮಾತಿನಲ್ಲೂ ನ್ಯಾಯವಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

ಮಂಚಗಳು ಬಂದವು. ಎಲ್ಲಿಯೋ ಬೇಡವೆಂದು ತೆಗೆದಿಟ್ಟ ಕಬ್ಬಿಣದ ಪಟ್ಟಿ ಮಂಚಗಳು. ಪಟ್ಟಿ ಪಟ್ಟಿಯ ನಡುವೆ ಒಂದೊಂದು ಅಂಗೈ ತೂರುವಷ್ಟು ಸಂದು. ಮೊದಲ ದಿನವೇ ಹಮಾಲಿಗಳ ಮೇಸ್ತ್ರಿ ಎದ್ದು ಕೂತು, "ಏನಮ್ಮಾ ಇದು, ಬೆನ್ನನ್ನ ಕೊತ್ತಂಬರಿ ಕಟ್ಟು ಕಟ್ಟಿದ ಹಂಗೆ ಕಟ್ತದೆ" ಎಂದು ಚಾಪೆ ಸುತ್ತಿಕೊಂಡು ಮಂಚದ ಕೆಳಗೆ ಹೋಗಿ ಮಲಗಿದ. ಅವನನ್ನು ನೋಡಿ ಎಲ್ಲರೂ ಕೆಳಗಿಳಿದರು. ಅಷ್ಟು ಕಷ್ಟಪಟ್ಟು ತಂದ ಮಂಚಗಳ ಮೇಲೆ ಗಂಟುಮೂಟೆಗಳು, ಕೆಳಗೆ ಜನ. ಚೀಫ್ ಆಫೀಸರ್ ಬರುವ ದಿನ ಮಾತ್ರ ನಾನು, "ಏಯ್, ಹತ್ತ್ರೋ ಮೇಲಕ್ಕೆ!" ಎಂದು ಕೂಗುತ್ತಿದ್ದೆ. ಹತ್ತುತ್ತಿದ್ದರು ಪಾಪ, ಔಷಧಿ ಕುಡಿಯುವ ಮುಖ ಮಾಡಿಕೊಂಡು.

ಅಡುಗೆಗೆ ಪಕ್ಕದ ಬೀದಿಯ ಬೂಬಮ್ಮ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಶಿಡ್ಲಘಟ್ಟದಲ್ಲಿ ವರ್ಷಗಟ್ಟಲೆ ಬಿಸಿನೀರಿನಲ್ಲಿ ಕೈಯಾಡಿಸಿ ರೇಷ್ಮೆ ನೂಲು ತೆಗೆದವಳು. ರಾಗಿ ಅಂಬಲಿ, ಅನ್ನ, ತಿಳಿಸಾರು, ಇಷ್ಟೇ ಅಡುಗೆ. ಆದರೆ ಅವಳು ಒಗ್ಗರಣೆ ಹಾಕಿದರೆ ಬಸ್‌ಸ್ಟ್ಯಾಂಡಿನವರೆಗೆ ಘಮ್ಮೆನ್ನುತ್ತಿತ್ತು.

ಆ ಒಗ್ಗರಣೆ ವಾಸನೆ ಹಿಡಿದೇ ಇನ್ನೊಬ್ಬಳು ಬಂದಿರಬೇಕು. ಒಂದು ಸಂಜೆ ಬಾಗಿಲ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಇಪ್ಪತ್ತು ವರ್ಷವಿರಬಹುದು. ಹುಣಸೆಹಣ್ಣಿನಿಂದ ಕಂದುಗಟ್ಟಿದ ಬೆರಳುಗಳು, ಏಳು ತಿಂಗಳ ಹೊಟ್ಟೆ. ಕುಸಿದ ಗುಡಿಸಲುಗಳಲ್ಲಿ ಅವಳದೂ ಒಂದು. ಅಲ್ಲಿಯವರೆಗೆ ಹುಣಸೆ ಮಂಡಿಯ ಮೂಟೆಗಳ ನಡುವೆ ಮಲಗುತ್ತಿದ್ದಳಂತೆ.

"ಗಂಡ ಎಲ್ಲಮ್ಮ?"

"ಬೋರ್‌ವೆಲ್ ಲಾರೀಲಿ ಪೋಯಿನಾಡು... ಹೋಗವ್ನೆ ಅಮ್ಮಾ. ಅನಂತಪುರಂ ಕಡೆ. ಯಾವಾಗ ಬರ್ತಾನೋ."

"ತವರು?"

ಅವಳು ತಲೆ ತಗ್ಗಿಸಿದಳು. "ನಾಕೆವರೂ ಲೇರಮ್ಮಾ" ಎಂದಳು. ನನಗೆ ಯಾರೂ ಇಲ್ಲ ಎನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ನಮ್ಮೂರಿನಲ್ಲಿ ಅರ್ಥವಾಗದವರು ಯಾರಿದ್ದಾರೆ? ನನ್ನ ಮೂರು ಹೆರಿಗೆಗಳೂ ತವರಿನಲ್ಲೇ ಆದವು. ಅಮ್ಮ ಬಿಸಿ ಬಿಸಿ ನೀರು ಹುಯ್ಯುತ್ತ, "ಅಳಬೇಡ್ವೇ, ಸಾಕು" ಎಂದು ಬೈಯುತ್ತಿದ್ದುದು ನೆನಪಾಯಿತು. ಇವಳಿಗೆ ನೀರು ಹುಯ್ಯುವವರು ಯಾರು? ಹೆರಿಗೆಯೇನೋ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ. ಆಮೇಲೆ ಎಳೇ ಕೂಸನ್ನೆತ್ತಿಕೊಂಡು ಹುಣಸೆ ಮೂಟೆಗಳ ನಡುವಕ್ಕೆ ಹೋಗುವುದೇ? ಆ ಚಳಿಗಾಲವೆಲ್ಲ ನನ್ನ ತಲೆಯಲ್ಲಿ ಕೊರೆದದ್ದು ಇದೊಂದೇ ಪ್ರಶ್ನೆ.

ಮೂರು ರಾತ್ರಿ ಛತ್ರದಲ್ಲಿ, ನಾಲ್ಕನೆಯ ರಾತ್ರಿ ಹೊರಗೆ. ಹಮಾಲಿಗಳಿಗೆ ಅದೊಂದು ಲೆಕ್ಕವೇ ಆಗಿರಲಿಲ್ಲ, ಯಾವುದಾದರೂ ಲಾರಿಯ ಮೇಲೆ ಮಲಗಿ ಬರುತ್ತಿದ್ದರು. ಇವಳನ್ನು ಕಳಿಸುವುದು ಎಲ್ಲಿಗೆ? ನಮ್ಮ ಮನೆಗೆ ಕರೆದುಕೊಂಡು ಹೋದೆ. ನಮ್ಮದು ಎರಡು ಕೋಣೆಯ ಮನೆ. ಮಕ್ಕಳು, ನಮ್ಮ ಯಜಮಾನರು, ಮತ್ತೆ ನಮ್ಮತ್ತೆ. ನನ್ನ ಬಾಯಿ ಜೋರು ಎಂದೆನಲ್ಲ, ನಮ್ಮತ್ತೆಯ ಮುಂದೆ ನಾನು ಮೂಗಿ.

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರು ಎತ್ತ ಅಂತ ಗೊತ್ತಿಲ್ದೋರ ಬಸುರಿ ಹುಡುಗೀನ ಮನೆಗೆ ಕರ್ಕೊಂಡು ಬಂದಿದ್ದೀಯಲ್ಲ, ನಿಂಗೇನು ತಲೆಗಿಲೆ ಕೆಟ್ಟಿದ್ಯೇನೆ? ಮಲಗಲಿ, ಬೇಡ ಅನ್ನಲ್ಲ. ಜಗುಲಿ ಮೇಲೆ. ಹೆರಿಗೆ ಬಾಣಂತನ ಅಂತ ಮಾತ್ರ ನನ್ನ ಹೊಸಲು ದಾಟಿಸಬೇಡ. ಪುರುಡು ಮಾಡ್ಕೊಂಡು ಕೂರೋಕೆ ನನ್ ಕೈಲಾಗಲ್ಲ."

ಪುರುಡು ಎಂದರೆ ಹೆರಿಗೆಯಾದ ಮನೆಗೆ ಹನ್ನೊಂದು ದಿನ ಬರುವ ಸೂತಕ. ಅತ್ತೆಗೆ ಅದು ದೊಡ್ಡ ವಿಷಯ. ನಾನು ಹಲ್ಲು ಕಚ್ಚಿಕೊಂಡು ಜಗುಲಿಯ ಮೇಲೆ ಕಂಬಳಿ ಹಾಸಿದೆ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಆ ಹುಡುಗಿಯ ಮೇಲೆ ಅತ್ತೆಯ ಶಾಲು. ಅತ್ತೆ ನನ್ನ ಕಡೆ ತಿರುಗಿ, "ಏನ್ ಹಂಗೆ ನೋಡ್ತೀಯ? ಚಳಿ ಇತ್ತು" ಎಂದು ಗದರಿಸಿಕೊಂಡು ಒಳಗೆ ಹೋದರು.

ಹೀಗೆಯೇ ಒಂದೂವರೆ ತಿಂಗಳು ಸಾಗಿತು. ಸಂಕ್ರಾಂತಿ ಹತ್ತಿರ ಬರುವಾಗ ಚೀಫ್ ಆಫೀಸರ್ ಒಂದು ಬೆಳಿಗ್ಗೆ ಬಂದವರು ಅವಳ ಹೊಟ್ಟೆಯನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಇವರು ನಾಲ್ಕನೇ ರಾತ್ರಿ ಹೊರಗಿರ್ತಾರೆ ತಾನೇ?"

"ಇರ್ತಾಳೆ ಸಾರ್. ನಮ್ಮನೇ ಜಗುಲಿ ಮೇಲೆ."

"ಹೆರಿಗೆ ಆದ್ಮೇಲೆ?"

ನಾನು ನೆಲದ ಮೇಲಿದ್ದ ಚಾಪೆಯೊಂದನ್ನು ಸುತ್ತಿಡತೊಡಗಿದೆ.

"ನೋಡಿ ಅಮ್ಮಾವ್ರೆ, ನನಗೂ ಮನಸ್ಸಿದೆ. ಆದ್ರೆ ಒಬ್ಬರಿಗೆ ಸಡಿಲ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತೆ. ಕರಾರು ಮುರಿದ್ರೆ ನಾನು ಛತ್ರಕ್ಕೆ ಬೀಗ ಹಾಕಿಸ್ಬೇಕು. ಆಗ ಇವರೊಬ್ಬರೇ ಅಲ್ಲ, ಎಲ್ಲಾರೂ ಬೀದಿಗೆ. ಬೇರೆ ವ್ಯವಸ್ಥೆ ನೋಡಿ."

ಬೇರೆ ವ್ಯವಸ್ಥೆಯಂತೆ! ಇದ್ದಿದ್ದರೆ ನಾನು ನೋಡುತ್ತಿರಲಿಲ್ಲವೇ? ಜಂಗಮಕೋಟೆಯಲ್ಲಿ ನನ್ನ ಅಕ್ಕನಿದ್ದಳು. ಅವಳನ್ನು ಕೇಳಿದರೆ ಮನೆ ತುಂಬ ರೇಷ್ಮೆ ಹುಳು ಎದ್ದಿವೆ, ಹುಳು ಗೂಡು ಕಟ್ಟುವ ತನಕ ಮನೆಯವರಿಗೇ ಕಾಲು ಚಾಚಲು ಜಾಗವಿಲ್ಲ ಎಂದಳು. ಸಮಾಜದ ಹೊಲಿಗೆ ಕೋಣೆಗೆ ನೀರೂ ಇಲ್ಲ, ಬಚ್ಚಲೂ ಇಲ್ಲ. ಸಮಾಜದವರೆಲ್ಲ ಅಯ್ಯೋ ಪಾಪ ಎಂದರೇ ಹೊರತು ನಮ್ಮ ಮನೆಗೆ ಬರಲಿ ಎಂದು ಯಾರೂ ಅನ್ನಲಿಲ್ಲ. ಅನ್ನಲಿಲ್ಲವೆಂದು ನಾನು ಬಾಯಿಗೆ ಬಂದಂತೆ ಬೈದೆ. ಅವರಲ್ಲಿ ಒಬ್ಬಾಕೆ, "ನಿಮ್ಮನೇಲಿ ಇಟ್ಕೊಳ್ರಿ ಹಂಗಾದ್ರೆ" ಎಂದಾಗ ಬಾಯಿ ಮುಚ್ಚಿಕೊಂಡು ಬಂದೆ.

ಆ ಹುಡುಗಿಗೆ ನೋವು ಶುರುವಾಗಿದ್ದು ಹಾಡುಹಗಲೇ, ಹುಣಸೆ ಮಂಡಿಯಲ್ಲಿ. ಹೆಂಗಸರು ಜಟಕಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಬೂಬಮ್ಮ ಒಲೆ ಆರಿಸಿ ಹಿಂದೆಯೇ ಹೋದಳು. ಸಂಜೆಯಷ್ಟರಲ್ಲಿ ಹೆಣ್ಣು ಮಗು. ಬೂಬಮ್ಮ ಛತ್ರದ ಬಾಗಿಲಲ್ಲಿ ನಿಂತು, "ಗುಡಿಯಾ, ಗೊಂಬೆ ಹಂಗೆ ಐತೆ ನೋಡವ್ವಾ!" ಎಂದು ಕೂಗಿದಳು. ಹಮಾಲಿಗಳೆಲ್ಲ ಎದ್ದು ನಿಂತರು. ಮೇಸ್ತ್ರಿ ಓಡಿಹೋಗಿ ಬೆಲ್ಲ ತಂದು ಎಲ್ಲರಿಗೂ ಹಂಚಿದ. ಮಗು ತಮ್ಮದೇ ಎನ್ನುವಷ್ಟು ಸಂಭ್ರಮ.

ಎರಡು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಹೋಗಬಹುದು ಎಂದರು. ಮನೆಗೆ! ಜಟಕಾದವನು "ಎಲ್ಲಿಗಮ್ಮಾ?" ಎಂದು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ಆ ಕಣ್ಣುಗಳನ್ನು ನೋಡಿದ ಮೇಲೆ ನನ್ನ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಬೇಡಿ, ಎಲ್ಲರ ಮೇಲೂ. "ಛತ್ರಕ್ಕೆ ನಡೆಯಪ್ಪ. ಬೀಗ ಹಾಕೋರು ಬಂದು ಹಾಕ್ಲಿ, ನೋಡೇಬಿಡ್ತೀನಿ" ಎಂದೆ.

ಮುಂದೆ ನಡೆದದ್ದನ್ನು ನಾನು ಯಾರಿಗೂ ಹೇಳಿ ಮಾಡಿಸಿದ್ದಲ್ಲ. ನಮ್ಮ ಕಡೆಯ ಜನಕ್ಕೆ ಬಾಣಂತಿ ಬರುತ್ತಾಳೆ ಎಂದರೆ ಏನು ಮಾಡಬೇಕೆಂದು ಕೈಗಳಿಗೇ ಗೊತ್ತಿರುತ್ತದೆ. ಗಾಳಿ ಬಾರದ ಮೂಲೆಯೊಂದನ್ನು ಹಮಾಲಿಗಳು ಖಾಲಿ ಮಾಡಿದರು. ತಮ್ಮ ಚಾಪೆಗಳನ್ನು ಅಂಗಳದ ಪಡಸಾಲೆಗೆ ಒಯ್ದರು. ಹುಣಸೆ ಮಂಡಿಯ ಹೆಂಗಸರು ಎರಡು ಸೀರೆ ಅಡ್ಡ ಕಟ್ಟಿ ಕೋಣೆ ಮಾಡಿದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಬೂಬಮ್ಮ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಸಾಂಬ್ರಾಣಿ ಹಾಕಿ ಮಂಚದ ಕೆಳಗಿಟ್ಟಳು. ಕಬ್ಬಿಣದ ಪಟ್ಟಿಗಳ ಸಂದಿನಿಂದ ಹೊಗೆ ನಿಧಾನವಾಗಿ ಮೇಲೆದ್ದು ಬಾಣಂತಿಯ ಬೆನ್ನಿಗೆ, ತಲೆಗೂದಲಿಗೆ ತಗುಲಿತು. ಯಾರಿಗೂ ಬೇಡವಾಗಿದ್ದ ಆ ಮಂಚ ಬಾಣಂತಿ ಮಂಚವಾಗಲಿಕ್ಕೆಂದೇ ಮಾಡಿದ್ದು ಎನ್ನುವಷ್ಟು ಸರಿಹೋಯಿತು.

ಒಳಗೆ ಬೆಂಕಿ ಹಚ್ಚಕೂಡದು ಎನ್ನುವ ಮಾತು ಹೀಗೆ ಹೋಯಿತು. ಮೂರು ರಾತ್ರಿಯ ಮಾತೂ ಅದರ ಹಿಂದೆಯೇ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ನನಗೆ ಒಳಗೊಳಗೇ ಪುಕುಪುಕು. ಇವಳೊಬ್ಬಳಿಗಾಗಿ ಅಷ್ಟೂ ಜನರ ಸೂರು ಕಳೆಯುತ್ತಿದ್ದೇನೆಯೇ? ಮೇಸ್ತ್ರಿಯನ್ನು ಕರೆದು ಇದ್ದದ್ದು ಇದ್ದಂತೆ ಹೇಳಿದೆ. ಅವನು ಬೀಡಿ ಆರಿಸಿ, "ಬೀಗ ಹಾಕಿದ್ರೆ ಹಾಕ್ಲಿ ಬಿಡಮ್ಮಾ. ಬಾಣಂತೀನ ಎಬ್ಬಿಸಿ ನಾವು ಮಲಗೋದಾ? ಥೂ" ಎಂದ. ಅಷ್ಟೇ. ಎದ್ದು ಮೂಟೆ ಹೊರಲು ಹೋದ.

ಮನೆಯಲ್ಲಿ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದರು. ಆದರೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಬೆಲ್ಲ, ಶುಂಠಿ, ಓಮ, ಮೆಂತ್ಯ, ತುಪ್ಪ. ವಾಸನೆಯಿಂದಲೇ ಗೊತ್ತಾಯಿತು, ಬಾಣಂತಿ ಲೇಹ್ಯ. ನನ್ನ ಮೂರು ಬಾಣಂತನದಲ್ಲೂ ಅತ್ತೆ ಇದನ್ನು ಮಾಡಿ ತವರಿಗೆ ಕಳಿಸಿದ್ದರು. ಲೇಹ್ಯ ಡಬ್ಬಿಗೆ ತುಂಬಿ, "ನೀನು ಕೊಟ್ರೆ ಒಂದೇ ಸಲ ತಿನ್ನಿಸಿಬಿಡ್ತೀಯ. ನಾನೇ ಬರ್ತೀನಿ ನಡಿ" ಎಂದರು.

"ಪುರುಡು ಅಂದ್ರಲ್ಲ ಅತ್ತೆ?"

"ಅದು ನನ್ನ ಮನೆಗೆ ಕಣೇ. ಪುರಸಭೆ ಛತ್ರಕ್ಕೆ ಯಾವ ಪುರುಡು? ಬಂದು ಸ್ನಾನ ಮಾಡಿದ್ರಾಯ್ತು."

ಅತ್ತೆಯ ಶಾಸ್ತ್ರದಲ್ಲಿ ಎಲ್ಲದಕ್ಕೂ ಒಂದು ಕಿಟಕಿ ಇರುತ್ತಿತ್ತು. ನಾವಿಬ್ಬರೂ ಛತ್ರಕ್ಕೆ ಹೋದೆವು. ಅತ್ತೆ ಸೀರೆಯ ಮರೆಯೊಳಗೆ ನುಗ್ಗಿ ಬಾಣಂತಿಯ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ಮೊದಲ ತುತ್ತು ಲೇಹ್ಯ ಬಾಯಿಗಿಡುವ ಹೊತ್ತಿಗೆ ಹೊರಗೆ ಜೀಪು ನಿಂತ ಸದ್ದು.

ಚೀಫ್ ಆಫೀಸರ್ ಮೆಟ್ಟಿಲು ಹತ್ತಿ ಬಂದರು. ಪಡಸಾಲೆಯಲ್ಲಿ ಸಾಲಾಗಿ ಸುತ್ತಿಟ್ಟ ಚಾಪೆಗಳನ್ನು ನೋಡಿ ಹುಬ್ಬೇರಿಸಿದರು. ಒಳಗಿನ ಹೊಗೆ ಕಂಡು ಮುಖ ಗಂಟಾಯಿತು.

"ಏನಿದು ಹೊಗೆ? ಒಳಗೆ ಬೆಂಕಿ ಬೇಡ ಅಂತ..."

ಹೊಸಲಿನ ಮೇಲೆ ಕಾಲಿಡಲು ಹೋದವರು ಬಾಗಿಲಿನ ಬೇವಿನ ಸೊಪ್ಪನ್ನು ನೋಡಿದರು. ಎತ್ತಿದ ಕಾಲು ಹಾಗೆಯೇ ಹಿಂದಕ್ಕೆ ಬಂತು. ನಮ್ಮ ಕಡೆ ಹುಟ್ಟಿ ಬೆಳೆದ ಗಂಡಸಿಗೆ ಅದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಣಂತಿ ಇರುವ ಕೋಣೆಗೆ ಹೊರಗಿನಿಂದ ಬಂದ ಧೂಳಿನ ಕಾಲಲ್ಲಿ ಯಾರೂ ನುಗ್ಗುವುದಿಲ್ಲ.

"ಬಾಣಂತಿ ಇದಾಳೆ ಸಾರ್" ಎಂದೆ.

"ಮೂರು ರಾತ್ರಿ..." ಎಂದು ಶುರುಮಾಡಿದರು, ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ಆಗಿದೆ ಸಾರ್. ನಿನ್ನೆ ರಾತ್ರಿಗೇ ಮುಗೀತು. ಕರಾರಿನ ಪ್ರಕಾರ ಎಬ್ಬಿಸಿ ಕಳಿಸ್ಬೇಕು. ನನ್ನ ಕೈಲಾಗಲ್ಲ. ನೀವೇ ಹೋಗಿ ಎಬ್ಬಿಸಿ. ಪಕ್ಕದಲ್ಲಿ ಕೂಸು ಮಲಗಿದೆ, ಅದನ್ನೂ ಎತ್ಕೊಂಡು ಬಂದು ಬೀದೀಲಿ ಬಿಡಿ." ಕೂಗಬೇಕೆಂದುಕೊಂಡಿದ್ದೆ, ಅಳು ಬಂತು. ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಒಳಗೆ ಮಗು ಕುಂಯ್ ಎಂದಿತು. ಅವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಆ ಚಳಿಯಲ್ಲಿ ಬೆವರು!

"ನಾನು ಹೇಗೆ ಎಬ್ಬಿಸ್ಲಿ ಅಮ್ಮಾವ್ರೆ" ಎಂದರು ಮೆಲ್ಲಗೆ. ಕರವಸ್ತ್ರ ಮಡಚಿ ಜೇಬಿಗಿಡುತ್ತ, "ಎಷ್ಟು ದಿನ ಆಗುತ್ತೆ?"

ನಾನು ಬಾಯಿ ತೆಗೆಯುವ ಮೊದಲೇ ಸೀರೆಯ ಮರೆಯಿಂದ ಅತ್ತೆಯ ದನಿ ಬಂತು. "ಚೊಚ್ಚಲು ಬಾಣಂತನ ಕಣಪ್ಪ. ಐದು ತಿಂಗಳು."

"ಐದು ತಿಂಗಳಾ! ಅಜ್ಜಿ, ಶಿವರಾತ್ರಿಗೆ ಕರಾರೇ ಮುಗಿಯುತ್ತೆ. ಹನ್ನೊಂದು ದಿನ ಅಂದ್ಕೊಂಡಿದ್ದೆ."

"ಹನ್ನೊಂದು ದಿನ ಪುರುಡಿಗೆ. ಮೈ ಗಟ್ಟಿಯಾಗೋದು ಬೇಡ್ವಾ? ನಿಮ್ಮಮ್ಮನ್ನ ಕೇಳು ಹೋಗು."

"ಒಂದು ತಿಂಗಳು ಅನ್ಕೊಳ್ಳೋಣ ಅಜ್ಜಿ."

"ಒಂದು ತಿಂಗಳಿಗೆ ಕೂಸಿನ ಕತ್ತೇ ನಿಲ್ಲಲ್ಲ. ನಾಲ್ಕು."

"ಎರಡು."

ಮಂಡಿಯಲ್ಲಿ ಬದನೆಕಾಯಿಗೆ ಚೌಕಾಸಿ ನಡೆಸುವ ಹಾಗೆ ಪುರಸಭೆಯ ದೊಡ್ಡ ಅಧಿಕಾರಿ ಹೊಸಲಿನಾಚೆ ನಿಂತು, ನಮ್ಮತ್ತೆ ಸೀರೆಯಾಚೆ ಕೂತು, ಬಾಣಂತನದ ತಿಂಗಳುಗಳನ್ನು ಎಳೆದಾಡಿದರು. ಹಮಾಲಿಗಳು ಮುಖ ತಿರುಗಿಸಿಕೊಂಡು ನಗು ತಡೆಯುತ್ತಿದ್ದರು. ಕೊನೆಗೆ ಮೂರು ತಿಂಗಳಿಗೆ ಇತ್ಯರ್ಥವಾಯಿತು. ನಾನು ಕಣ್ಣೊರೆಸಿಕೊಂಡು ನಕ್ಕೆ. ಅಂಥಾ ಗಂಭೀರ ಮುಖದ ಚೀಫ್ ಆಫೀಸರ್ ಕೂಡ ನಕ್ಕರು.

ಮುಂದಿನ ವಾರ ಪುರಸಭೆಯ ಸಭೆಯಲ್ಲಿ, ಛತ್ರದಲ್ಲಿರುವ ಬಾಣಂತಿಯ ಬಾಣಂತನ ಮುಗಿಯುವ ತನಕ ಛತ್ರ ಮುಚ್ಚತಕ್ಕದ್ದಲ್ಲ ಎಂದು ಒಪ್ಪಿದರಂತೆ. ವಿರೋಧಿಸುವವರು ಯಾರಾದರೂ ಇದ್ದೀರಾ ಎಂದು ಕೇಳಿದಾಗ ಒಂದೇ ಒಂದು ಕೈ ಏಳಲಿಲ್ಲವಂತೆ. ಬಾಣಂತಿಯನ್ನು ಎಬ್ಬಿಸಲು ಕೈ ಎತ್ತಿದವನು ಆಮೇಲೆ ಮನೆಗೆ ಹೋಗಿ ಊಟ ಮಾಡುವುದು ಹೇಗೆ? ಅವಳ ದೆಸೆಯಿಂದ ಉಳಿದವರಿಗೂ ಬೇಸಿಗೆಯ ತನಕ ಸೂರು ಸಿಕ್ಕಿತು. ಮೂರು ರಾತ್ರಿಯ ನಿಯಮವನ್ನು ಬಾಣಂತಿಯರಿಗೆ, ಕಾಯಿಲೆಯವರಿಗೆ, ಮುದುಕರಿಗೆ ತೆಗೆದುಹಾಕಿದರು. ಮರುವರ್ಷ ಮಳೆ ಶುರುವಾಗುವ ಮೊದಲೇ ಕರಾರು ಹೊಸದಾಗಿ ಆಯಿತು.

ಆ ಮೂರು ತಿಂಗಳು! ನನ್ನ ಜೀವನದಲ್ಲಿ ನಾನು ಅಷ್ಟು ನೆಮ್ಮದಿಯಾಗಿ ದುಡಿದದ್ದು ಬೇರೆ ಇಲ್ಲ. ಮಂಡಿಯಿಂದ ದಿನಾ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಬರುತ್ತಿತ್ತು, ಯಾರು ಕಳಿಸುತ್ತಿದ್ದರೋ ಗೊತ್ತಿಲ್ಲ. ಬೂಬಮ್ಮ ಮೆಣಸು ಬೆಳ್ಳುಳ್ಳಿ ಜಜ್ಜಿ ನಾಟಿ ಕೋಳಿ ಸಾರು ಮಾಡುತ್ತಿದ್ದಳು. ಅತ್ತೆ ದಿನಾ ಬೆಳಿಗ್ಗೆ ಬಂದು ಕೂಸಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುತ್ತಿದ್ದರು. ಅದು ಅಳುವುದು ಮಂಡಿಯವರೆಗೆ ಕೇಳಿಸುತ್ತಿತ್ತು. "ಗಂಟಲು ಯಾರ ಹಂಗೆ ಅಂತ ಗೊತ್ತಾಯ್ತಲ್ಲ" ಎಂದು ನನ್ನ ಕಡೆ ನೋಡಿ ಚುಚ್ಚುತ್ತಿದ್ದರು. ಗಲಾಟೆಯಿಲ್ಲದೆ ಮಲಗದಿದ್ದ ಹಮಾಲಿಗಳು ಕೂಸು ಮಲಗಿದರೆ ಪಿಸುಮಾತಿಗೆ ಇಳಿಯುತ್ತಿದ್ದರು. ನಾನು ಕೂಗಿದರೆ ಮೇಸ್ತ್ರಿ ನನ್ನನ್ನೇ ಗದರಿಸುತ್ತಿದ್ದ, "ಶ್! ಮೆತ್ತಗೆ ಮಾತಾಡಮ್ಮಾ."

ಹನ್ನೊಂದನೆಯ ದಿನ ತೊಲೆಗೆ ಸೀರೆ ಕಟ್ಟಿ ತೊಟ್ಟಿಲು ಮಾಡಿದೆವು. ಕೂಸಿಗೆ ಏನು ಹೆಸರಿಟ್ಟರೆಂದು ಇಲ್ಲಿ ಬರೆಯುವುದಿಲ್ಲ. ಅವಳೀಗ ದೊಡ್ಡವಳಾಗಿದ್ದಾಳೆ, ಕೋಪ ಮಾಡಿಕೊಂಡಾಳು. ಚೀಫ್ ಆಫೀಸರ್ ಅವತ್ತು ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದು, ಅತ್ತೆಯ ಮುಂದೆ ನಿಂತು ಹೇಳಿದರು: "ನಮ್ಮಮ್ಮನ್ನ ಕೇಳ್ದೆ ಅಜ್ಜಿ. ಐದೇ ತಿಂಗಳು ಅಂದ್ರು. ಮೂರಕ್ಕೆ ಇಳಿಸಿದ್ದಕ್ಕೆ ಚೆನ್ನಾಗಿ ಉಗಿದ್ರು."

ಗಂಡ ಬಂದಿದ್ದು ಯುಗಾದಿಯ ಹೊತ್ತಿಗೆ. ಬೋರ್‌ವೆಲ್ ಲಾರಿ ಬಿಟ್ಟು ತೊಂಡೇಬಾವಿಯಲ್ಲಿ ಕಲ್ಲು ಕೆಲಸ ಹಿಡಿದಿದ್ದ, ರೈಲ್ವೇ ಸ್ಟೇಷನ್ನಿನ ಹಿಂದೆ ಶೀಟಿನ ಮನೆಯೂ ಸಿಕ್ಕಿತ್ತು. ಹಳೇ ಗುಡಿಸಲಿದ್ದ ಕಡೆ ಹುಡುಕಿ, ಅಲ್ಲಿ ಏನೂ ಇಲ್ಲದ್ದು ನೋಡಿ ಹುಚ್ಚನಂತೆ ಊರೆಲ್ಲ ಅಲೆದು ಛತ್ರಕ್ಕೆ ಬಂದವನು ಹೊಸಲಾಚೆಯೇ ಕೂತು ಬಿಕ್ಕಿ ಬಿಕ್ಕಿ ಅತ್ತ. ಬೈಯಬೇಕೆಂದು ನಾನು ಮೂರು ತಿಂಗಳಿಂದ ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ವ್ಯರ್ಥವಾಯಿತು.

ಅವಳು ಹೊರಟ ದಿನ ಅತ್ತೆ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ, ಬಳೆ. ಮಗಳು ತವರಿನಿಂದ ಹೊರಡುವಾಗ ಹೇಗೋ ಹಾಗೆ. ಬೂಬಮ್ಮ ಕೂಸಿನ ಹಣೆಯ ಮೂಲೆಗೆ ಕಪ್ಪು ಬೊಟ್ಟಿಟ್ಟಳು. ಬಸ್ಸು ಹೊರಟ ಮೇಲೆ ಛತ್ರಕ್ಕೆ ಬಂದು ನೋಡಿದರೆ ಆ ಮೂಲೆ ಬೋಳು ಬೋಳು. ಅವತ್ತು ಯಾರಿಗೂ ಊಟ ಸೇರಲಿಲ್ಲ.

ಎರಡು ವರ್ಷದ ಮೇಲೆ, ಸೋನೆ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ, ಛತ್ರದ ಬಾಗಿಲಲ್ಲಿ ಅವಳು. ಕೈಯಲ್ಲೊಂದು ಟ್ರಂಕು, ಸೆರಗು ಹಿಡಿದು ನಿಂತ ಪುಟ್ಟ ಮಗಳು, ಮತ್ತೆ ತುಂಬಿದ ಹೊಟ್ಟೆ. ಗಂಡನಿಗೆ ಏನಾದರೂ ಆಯಿತೇ, ಮನೆ ಹೋಯಿತೇ?

"ಏನಾಯ್ತೇ? ಮನೆ ಏನಾಯ್ತು?"

"ಏನೂ ಆಗಿಲ್ಲ ಅಮ್ಮಾ. ಮನೆ ಐತೆ, ಅವರೇ ಬಸ್ ಹತ್ತಿಸಿದ್ರು."

ನನಗೆ ಹೋದ ಜೀವ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮಳೆಗಾಲ, ಮಂಚಗಳೆಲ್ಲ ಭರ್ತಿ. "ಮನೆ ಇಟ್ಕೊಂಡು ಇಲ್ಲಿಗ್ಯಾಕೆ ಬಂದೆ? ಇದು ಮನೆ ಇಲ್ದೋರಿಗೆ ಕಣೇ. ಗೊತ್ತಿಲ್ವಾ ನಿಂಗೆ?"

ಅವಳು ಅಲುಗಲಿಲ್ಲ. ಅರಳಿದ ಕಣ್ಣುಗಳಿಂದ ನನ್ನನ್ನೇ ನೋಡುತ್ತ, ನಾನೇ ಏನೋ ತಿಳಿಯದವಳು ಎನ್ನುವ ಹಾಗೆ ಹೇಳಿದಳು.

"ಮನೆ ಐತಮ್ಮಾ. ಇದು ಬಿಟ್ರೆ ತವರಿಲ್ವಲ್ಲ ನಂಗೆ."

ಬೂಬಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಛತ್ರದಲ್ಲಿ ಜಾಗವಿರಲಿಲ್ಲ, ಇದ್ದಿದ್ದರೂ ಅದು ಬೇರೆಯವರ ಪಾಲಿನದು. ನಾನು ಟ್ರಂಕು ಎತ್ತಿಕೊಂಡೆ, ಅವಳ ಕೈ ಹಿಡಿದು ನಮ್ಮ ಮನೆಯ ಕಡೆ ನಡೆದೆ. ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳುವುದು ಎಂದು ಮಾತು ಜೋಡಿಸಿಕೊಂಡೆ. ಒಂದೂ ಸರಿಹೋಗಲಿಲ್ಲ.

ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಆ ಹೊತ್ತಿಗೆ ಅವರಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಹುಡುಗಿ ಹತ್ತಿರ ಹೋಗಿ ಕಾಲಿಗೆ ಬಗ್ಗಿದಾಗ ಗುರುತು ಸಿಕ್ಕಿತು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ನನಗೆ ಒಂದು ಮಾತೂ ಆಡಲು ಬಿಡದೆ ಗದರಿಸಿದರು.

"ಬಸುರಿ ಹೆಂಗಸನ್ನ ಮಳೇಲಿ ನಡೆಸ್ಕೊಂಡು ಬಂದಿದ್ದೀಯಲ್ಲ, ನಿಂಗೇನು ಬುದ್ಧಿ ಇದ್ಯಾ? ಒಳಗೆ ಕರ್ಕೊಂಡು ಹೋಗೇ. ನನ್ನ ಕೋಣೆ ಬೆಚ್ಚಗಿದೆ, ಅಲ್ಲೇ ಮಂಚ ಹಾಕು."